ಸಹಾಯ ಬೇಕು: ಧಾರವಾಡದ ಉಚಿತ ಬೈಠಕ್‌ಗೆ ಪಡಸಾಲೆ ಮತ್ತು ತಂಬೂರಿ ದುರಸ್ತಿ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಸ್ನೇಹಿತರು ಪ್ರತಿ ತಿಂಗಳ ಎರಡನೆಯ ರವಿವಾರ ಸಂಜೆ ಧಾರವಾಡದಲ್ಲಿ ಹಿಂದೂಸ್ತಾನಿ ಸಂಗೀತದ ಉಚಿತ ಬೈಠಕ್ ನಡೆಸುತ್ತೇವೆ. ಜಮಖಾನೆ ಹಾಸಿ, ಮೈಕ್ ಇಲ್ಲದೆ, ಗಾಯಕರಿಂದ ಮಾರು ದೂರದಲ್ಲಿ ಕುಳಿತು ಕೇಳುವ ಸಂಗೀತ. ಹಾರ, ಭಾಷಣ ಏನೂ ಇಲ್ಲ.

ಇದುವರೆಗೆ ಪಡಸಾಲೆ ಬಿಟ್ಟುಕೊಟ್ಟಿದ್ದ ಹಿರಿಯರು ಈಗ ಮನೆ ದುರಸ್ತಿಗೆ ಕೈಹಾಕಿದ್ದಾರೆ. ಮಾಳಮಡ್ಡಿ ಅಥವಾ ಸಪ್ತಾಪುರದ ಕಡೆ ಐವತ್ತು ಜನ ಕೂರುವಂಥ ಹಳೆಯ ಮನೆಯ ಪಡಸಾಲೆ ಇದ್ದರೆ ದಯವಿಟ್ಟು ತಿಳಿಸಿ. ಕಲ್ಯಾಣ ಮಂಟಪ ಬೇಡ. ಅಲ್ಲಿ ದನಿ ಗೋಡೆಗೆ ಬಡಿದು ಮರಳಿ, ತಾನ್‌ಗಳೆಲ್ಲ (ವೇಗದ ಸ್ವರಸರಣಿಗಳು) ಒಂದರೊಳಗೊಂದು ಕಲಸಿಹೋಗುತ್ತವೆ.

ಇನ್ನೊಂದು ಚಿಂತೆ ನಮ್ಮ ತಂಬೂರಿಯದು. ಮಳೆಗಾಲದ ತೇವಕ್ಕೆ ಬಿರಡೆಗಳು ಬಿಗಿದುಕೊಂಡಿವೆ, ಜವಾರಿ, ಅಂದರೆ ತಂತಿಯ ಝೇಂಕಾರ, ಕೆಟ್ಟಿದೆ. ಕುದುರೆಯ (ತಂತಿಗಳನ್ನು ಹೊತ್ತ ಪಟ್ಟಿ) ಮೇಲೆ ತಂತಿಯಡಿ ದಾರವನ್ನು ಎಷ್ಟು ಸರಿಸಿದರೂ ಖರ್ಜದ (ಕೆಳಗಿನ ಷಡ್ಜದ) ತಂತಿ ಮೊಂಡಾಗಿಯೇ ನುಡಿಯುತ್ತದೆ. ತಂಬೂರಿ ತಯಾರಿಕೆಗೆ ಹೆಸರಾದ ಮೀರಜ್‌ಗೆ ಒಯ್ಯಬಹುದು, ಆದರೆ ಕುಂಬಳದ ಬುರುಡೆಯನ್ನು ಬಸ್ಸಿನಲ್ಲಿ ಸಾಗಿಸಲು ಜೀವ ಹೆದರುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲೇ ಜವಾರಿ ಸರಿಪಡಿಸಬಲ್ಲವರು ಗೊತ್ತೇ? ಎಲೆಕ್ಟ್ರಾನಿಕ್ ತಂಬೂರಿ ಇದೆ, ಅದರಿಂದ ಮನಸ್ಸು ತುಂಬುವುದಿಲ್ಲ.

ಕೇಳುಗರಿಂದ ಹಣ ಪಡೆಯುವುದಿಲ್ಲ, ಆದರೆ ಕಲಾವಿದರನ್ನು ಬರಿಗೈಯಲ್ಲಿ ಕಳಿಸುವುದೂ ಇಲ್ಲ. ಗೌರವಧನ ಈವರೆಗೆ ನಮ್ಮ ಜೇಬಿನಿಂದ ಹೋಗಿದೆ. ಒಂದು ತಿಂಗಳ ಭಾರ ಹೊರುವವರಿದ್ದರೆ ದೊಡ್ಡ ಉಪಕಾರ. ಮುಂದಿನ ಬಾರಿ ಸಂಗೀತ ಕಲಿಸುವ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಯುವಕರೊಬ್ಬರು ಹಾಡಲಿದ್ದಾರೆ. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳಂಥ ದೊಡ್ಡ ಗಾಯಕರು ಬಾಳಿದ ಊರಿನಲ್ಲಿ ಆ ಯುವಕರಿಗೆ ಸರಿಯಾಗಿ ನುಡಿಯುವ ತಂಬೂರಿಯನ್ನಾದರೂ ಕೊಡಬೇಕೆಂಬುದು ನನ್ನ ಆಸೆ. ಮಾಹಿತಿ ಇದ್ದವರು ಇಲ್ಲೇ ಕೆಳಗೆ ಬರೆಯಿರಿ, ನಾನೇ ಬಂದು ಕಾಣುತ್ತೇನೆ.