ಹಳ್ಳದ ಹೂಳು ಅಳೆಯೋದನ್ನು ಊರವರಿಗೆ ಕಲಿಸೋದು ಹೇಗೆ?

ಹಿರೇಹಳ್ಳ ಮೇಷ್ಟ್ರು (ಕೊಪ್ಪಳ):
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. 2019ರಲ್ಲಿ ಗವಿಮಠದ ಸ್ವಾಮಿಗಳು ಮುಂದೆ ನಿಂತು ಹಿರೇಹಳ್ಳದ ಹೂಳು, ಜಾಲಿ ತೆಗೆಸಿದ್ದು ನಿಮಗೆಲ್ಲ ಗೊತ್ತೇ ಇದೆ. ಆ ಶ್ರಮ ಉಳಿಯಬೇಕು ಅಂದರೆ ಮಳೆಗಾಲದಲ್ಲಿ ಮಣ್ಣು ಯಾವ ಕಡೆಯಿಂದ ಜಾಸ್ತಿ ಬರುತ್ತೆ ಅಂತ ನಾವೇ ಅಳೆದು ಬರೆದಿಡಬೇಕು. ಹನ್ನೆರಡು ಜನ ಸಿಕ್ಕಿದ್ದಾರೆ. ಕೆಲವರು ರೈತರು, ಕೆಲವರು ನಮ್ಮ ಹಳೇ ವಿದ್ಯಾರ್ಥಿಗಳು.

ಒಂದು ಮೀಟರಿನ ಪಾರದರ್ಶಕ ಪ್ಲಾಸ್ಟಿಕ್ ಪೈಪಿನ ತಳಕ್ಕೆ ಕಪ್ಪು ಬಿಳುಪು ಬಿಲ್ಲೆ ಅಂಟಿಸಿದ್ದೇವೆ. ಹಳ್ಳದ ನೀರು ಸುರಿಯುತ್ತಾ ಹೋಗಿ, ಬಿಲ್ಲೆ ಕಾಣದಂತಾದಾಗ ಎಷ್ಟು ಸೆಂಟಿಮೀಟರ್ ಅಂತ ಬರೆಯೋದು. ಆದರೆ ಕಳೆದ ಭಾನುವಾರ ಅದೇ ಸೇತುವೆ, ಅದೇ ಹೊತ್ತು, ಒಬ್ಬರು 22 ಅಂದ್ರೆ ಇನ್ನೊಬ್ಬರು 35 ಅಂತಾರೆ. ಇದನ್ನು ಹೇಗೆ ಸರಿ ಮಾಡೋದು?

ಹಗರಿ ದಂಡೆ (ಬಳ್ಳಾರಿ):
ಸರ್, ಮೊದಲು ಹಳ್ಳಕ್ಕೆ ಹೋಗಬೇಡಿ, ಶಾಲೆ ಅಂಗಳದಲ್ಲೇ ಕಲಿಸಿ. ಬಕೆಟ್ಟಿನಲ್ಲಿ ಮಣ್ಣು ಕದಡಿ, ಹನ್ನೆರಡು ಜನರೂ ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳದೆ ಚೀಟಿಯಲ್ಲಿ ಬರೆಯಲಿ. ಆಮೇಲೆ ಚೀಟಿಗಳನ್ನು ಒಟ್ಟಿಗೆ ಬಿಡಿಸಿ ನೋಡಿ. ನಮ್ಮಲ್ಲಿ ಹೀಗೆ ಮಾಡಿದಾಗ ತಪ್ಪು ಎಲ್ಲಿದೆ ಅಂತ ಕಣ್ಣಿಗೇ ಕಂಡಿತು. ಒಬ್ಬ ಪೈಪನ್ನು ನೇರ ಬಿಸಿಲಲ್ಲೇ ಹಿಡಿದು ನೋಡ್ತಿದ್ದ, ಒಬ್ಬಳು ಬಾಟಲಿ ಅಲ್ಲಾಡಿಸದೆ ಮೇಲಿನ ತಿಳಿನೀರು ಮಾತ್ರ ಸುರೀತಿದ್ದಳು, ಇನ್ನೊಬ್ಬರು ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ಓದ್ತಿದ್ದರು! ನೆರಳಲ್ಲಿ ನಿಂತು, ಬಾಟಲಿ ಚೆನ್ನಾಗಿ ಕುಲುಕಿ, ತಡ ಮಾಡದೆ ಸುರಿದು, ಮೇಲಿನಿಂದ ನೆಟ್ಟಗೆ ಕೆಳಗೆ ನೋಡಬೇಕು. ಪ್ರತಿಯೊಬ್ಬರೂ ಎರಡು ಸಲ ಅಳೆಯಲಿ.

ನೀರು ತುಂಬಿಸೋದೂ ಮುಖ್ಯ. ದಂಡೆಯಲ್ಲಿ ನಿಂತ ನೀರು ಬೇಡ, ಹರಿವಿನ ನಡುವಿನದು ಬೇಕು. ನೀರಿಗೆ ಇಳಿದಿದ್ದರೆ ನೀರು ಬರುವ ಕಡೆಗೆ ಮುಖ ಮಾಡಿ, ಕಾಲಿನಿಂದ ಎದ್ದ ರಾಡಿ ಬಾಟಲಿಗೆ ಸೇರದ ಹಾಗೆ ತುಂಬಬೇಕು.

ಎರೆಹೊಲ (ರಾಯಚೂರು):
ಮೇಲಿನವರು ಹೇಳಿದ್ದು ಸರಿ, ಇನ್ನೊಂದು ಸೇರಿಸ್ತೀನಿ. ವಾರಕ್ಕೊಮ್ಮೆ ಭಾನುವಾರ ಅಳೆದರೆ ನಿಮಗೆ ತಿಳಿನೀರೇ ಸಿಗುತ್ತೆ. ನಮ್ಮ ಕಡೆ ಹಳ್ಳಗಳು ವರ್ಷದ ಬಹುಪಾಲು ಒಣಗಿರ್ತವೆ, ಮಣ್ಣೆಲ್ಲ ನಾಲ್ಕೈದು ದೊಡ್ಡ ಮಳೆಯಲ್ಲೇ ಹೋಗಿಬಿಡುತ್ತೆ. ಅದರಲ್ಲೂ ಹಳ್ಳ ಏರುವಾಗಿನ ನೀರಲ್ಲಿ ಮಣ್ಣು ಜಾಸ್ತಿ, ಇಳಿಯುವಾಗ ಅಷ್ಟೇ ಮಟ್ಟದ ನೀರಿದ್ದರೂ ಕಡಿಮೆ ಇರೋದೇ ಹೆಚ್ಚು. ಹಾಗಾಗಿ ಸೇತುವೆ ಕಂಬಕ್ಕೆ ಬಣ್ಣದ ಗೆರೆ ಹಾಕಿ, ನೀರು ಎಷ್ಟನೇ ಗೆರೆಗೆ ಬಂತು, ಏರ್ತಿದೆಯಾ ಇಳೀತಿದೆಯಾ, ಮಳೆ ಯಾವಾಗ ಬಿತ್ತು, ಎಲ್ಲಾ ಬರೆಸಿ. ಸೇತುವೆ ಪಕ್ಕದಲ್ಲೇ ಮನೆ ಇರೋರಿಗೆ ಈ ಕೆಲಸ ಕೊಡಿ.

ಮತ್ತೆ ಹಳ್ಳ ಬಂದಾಗ ಯಾರೂ ನೀರಿಗೆ ಇಳಿಯಬಾರದು. ಸೇತುವೆ ಮೇಲಿನಿಂದ ಹಗ್ಗ ಕಟ್ಟಿದ ಬಕೆಟ್ ಬಿಡಿ, ಇಬ್ಬರು ಜೊತೆಗಿರಿ. ಸೇತುವೆ ಮೇಲೇ ನೀರು ಹತ್ತಿದ್ದರೆ ಅಳತೆ ಬಿಟ್ಟುಬಿಡಿ. ಇದನ್ನು ಮೊದಲ ದಿನವೇ ಖಡಕ್ಕಾಗಿ ಹೇಳಿ.

ಲ್ಯಾಬ್ ಅಕ್ಕ (ಬಳ್ಳಾರಿ):
ಮೇಷ್ಟ್ರೇ, ಪೈಪಿನ ಅಂಕಿ ಕದಡು ಎಷ್ಟು ಅಂತ ಹೇಳುತ್ತೆ, ತೂಕ ಹೇಳಲ್ಲ. ಸಂಡೂರಿನ ಕೆಂಪು ಮಣ್ಣಿಗೂ ಎರೆ ಮಣ್ಣಿಗೂ ಒಂದೇ ಲೆಕ್ಕ ಹಿಡಿಯಬೇಡಿ. ಒಂದು ಲೀಟರ್ ಗಾಜಿನ ಬಾಟಲಿಯಲ್ಲಿ ಹಳ್ಳದ ನೀರಿಟ್ಟು ಎಲ್ಲರಿಗೂ ತೋರಿಸಿ. ಮರಳು ನಿಮಿಷದೊಳಗೆ ತಳ ಸೇರುತ್ತೆ, ಅದರ ಮೇಲೆ ಮೆತ್ತನೆ ಪದರ ಕೂರುತ್ತೆ, ಎರೆ ಜಿಗುಟು ಮಾತ್ರ ಮರುದಿನ ಬೆಳಿಗ್ಗೆಯೂ ಚಹಾ ಹಾಗೆ ತೇಲ್ತಾನೇ ಇರುತ್ತೆ. ತಳದಲ್ಲಿ ಕೂತದ್ದನ್ನಷ್ಟೇ ಅಳೆದರೆ ಆ ಜಿಗುಟು ಲೆಕ್ಕಕ್ಕೇ ಬರಲ್ಲ.

ಅದಕ್ಕೆ ಕೆಲವು ಬಾಟಲಿಗಳನ್ನಾದರೂ ಹತ್ತಿರದ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಕೊಡಿ. ಮೊದಲೇ ತೂಗಿಟ್ಟ ಫಿಲ್ಟರಿನಲ್ಲಿ ಸೋಸಿ, ಸುಮಾರು 105 ಡಿಗ್ರಿಯಲ್ಲಿ ಒಣಗಿಸಿ, ಮತ್ತೆ ತೂಗಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಸಿಗುತ್ತೆ. ಅದೇ ನೀರಿನ ಪೈಪ್ ಅಂಕಿ ಪಕ್ಕದಲ್ಲಿ ಬರೆದಿಟ್ಟರೆ ನಿಮ್ಮ ಹಳ್ಳಕ್ಕೆ ನಿಮ್ಮದೇ ಕೋಷ್ಟಕ ತಯಾರಾಗುತ್ತೆ.

ಹಿರೇಹಳ್ಳ ಮೇಷ್ಟ್ರು (ಕೊಪ್ಪಳ):
ತುಂಬಾ ಉಪಕಾರ ಆಯ್ತು. ಇವತ್ತು ಸಂಜೆ ಅಂಗಳದಲ್ಲಿ ಬಕೆಟ್ ಪರೀಕ್ಷೆ ಮಾಡಿದ್ವಿ. ಮೊದಲ ಸುತ್ತಿನಲ್ಲಿ 18ರಿಂದ 31ರವರೆಗೆ ಬಂತು, ಬಾಟಲಿ ಕುಲುಕಿ ನೆರಳಲ್ಲಿ ನಿಂತ ಮೇಲೆ 20ರಿಂದ 23ರೊಳಗೆ ಬಂತು. ಸೇತುವೆ ಪಕ್ಕದ ಚಹಾ ಅಂಗಡಿಯವರು ಹಗ್ಗ, ಬಕೆಟ್ ಇಟ್ಟುಕೊಳ್ಳೋಕೆ ಒಪ್ಪಿದ್ದಾರೆ. ಅಕ್ಕಾ, ಫಿಲ್ಟರ್ ಯಾವ ನಂಬರಿನದು ತಗೊಳ್ಳಬೇಕು?

ಲ್ಯಾಬ್ ಅಕ್ಕ (ಬಳ್ಳಾರಿ):
ಗ್ಲಾಸ್ ಫೈಬರ್ ಫಿಲ್ಟರ್ ಅಂತ ಕೇಳಿ. ಮಾಮೂಲಿ ಫಿಲ್ಟರ್ ಪೇಪರಿನಲ್ಲಿ ಎರೆ ಜಿಗುಟು ಸ್ವಲ್ಪ ಸೋರಿಹೋಗುತ್ತೆ.