ಅಪ್‌ಡೇಟ್: ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮೆಮೊರಿ ಸಮಸ್ಯೆ ಬಗೆಹರಿಯಿತು

16 ಜಿಬಿ ರ‍್ಯಾಮ್ ಇರುವ ಸರ್ವರ್‌ನಲ್ಲಿ ಶೇರ್ಡ್ ಬಫರ್ಸ್ (ಪದೇ ಪದೇ ಬೇಕಾಗುವ ಡೇಟಾವನ್ನು ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳುವ ಮೆಮೊರಿ) ಅನ್ನು 12 ಜಿಬಿಗೆ ಏರಿಸಿದರೂ ರಿಪೋರ್ಟ್‌ಗಳು ನಿಧಾನವಾಗಿಯೇ ಇವೆ, ಯಾಕೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಈಗ ಸರಿಹೋಗಿದೆ.

ಮೊದಲು ಅದನ್ನು 4 ಜಿಬಿಗೆ ಇಳಿಸಿ ರೀಸ್ಟಾರ್ಟ್ ಮಾಡಿದೆ. ಪೋಸ್ಟ್‌ಗ್ರೆಸ್ ಆಪರೇಟಿಂಗ್ ಸಿಸ್ಟಮ್‌ನ ಕ್ಯಾಶ್ ಅನ್ನೂ ನೆಚ್ಚಿಕೊಂಡಿರುತ್ತದೆ, ಅದಕ್ಕೆ ಜಾಗವೇ ಬಿಡದೆ ನಾನೇ ಎಲ್ಲವನ್ನೂ ಕಿತ್ತುಕೊಂಡಿದ್ದೆ. ರ‍್ಯಾಮ್‌ನ ಕಾಲು ಭಾಗದಿಂದ ಶುರು ಮಾಡಿ ಅಂತ ನೀವು ಹೇಳಿದ್ದು ಸರಿ.

ಆದರೆ ನಿಜವಾದ ತೊಂದರೆ ಬೇರೆಯೇ ಇತ್ತು. ಎಕ್ಸ್‌ಪ್ಲೇನ್ ಅನಲೈಜ್ (ಕ್ವೆರಿ, ಅಂದರೆ ಡೇಟಾ ಕೇಳುವ ಆಜ್ಞೆ, ಹೇಗೆ ಓಡಿತು ಅಂತ ತೋರಿಸುವ ಕಮಾಂಡ್) ಓಡಿಸಿದಾಗ ಸಾರ್ಟ್ ಆಗುವ ಕಡೆ 'ಎಕ್ಸ್‌ಟರ್ನಲ್ ಮರ್ಜ್, ಡಿಸ್ಕ್' ಅಂತ ಕಂಡಿತು, ಅಂದರೆ ವರ್ಕ್ ಮೆಮ್ (ಸಾರ್ಟ್ ಮಾಡಲು ಸಿಗುವ ಮೆಮೊರಿಯ ಮಿತಿ) ಡೀಫಾಲ್ಟ್ ಆದ 4 ಎಂಬಿಯಲ್ಲೇ ಇದ್ದು, ಅದರಲ್ಲಿ ಹಿಡಿಸದ ಡೇಟಾ ಎಲ್ಲ ಡಿಸ್ಕ್‌ನ ಟೆಂಪ್ ಫೈಲ್‌ಗೆ ಹೋಗುತ್ತಿತ್ತು. ಇದನ್ನು ಮೊದಲೇ ನೋಡಬೇಕಿತ್ತು ಅಲ್ವಾ!

ದಯವಿಟ್ಟು ವರ್ಕ್ ಮೆಮ್ ಅನ್ನು ಇಡೀ ಸರ್ವರ್‌ಗೆ ಏರಿಸಬೇಡಿ. ಈ ಮಿತಿ ಒಂದು ಕನೆಕ್ಷನ್‌ಗೆ ಅಲ್ಲ, ಕ್ವೆರಿಯೊಳಗಿನ ಒಂದೊಂದು ಸಾರ್ಟ್‌ಗೆ. 200 ಕನೆಕ್ಷನ್‌ಗಳು ತಲಾ ಒಂದೇ ಸಾರ್ಟ್‌ಗೆ 64 ಎಂಬಿ ತೆಗೆದುಕೊಂಡರೂ 12.5 ಜಿಬಿ ಆಗುತ್ತದೆ, ಆಮೇಲೆ ಲಿನಕ್ಸ್ ಮೆಮೊರಿ ಸಾಲದೆ ಪ್ರೊಸೆಸ್ ಅನ್ನೇ ಕೊಲ್ಲಬಹುದು. ನಾನು ರಿಪೋರ್ಟ್ ಓಡಿಸುವ ಡೇಟಾಬೇಸ್ ಯೂಸರ್, ಅಂದರೆ ರೋಲ್‌ಗೆ ಮಾತ್ರ, ಆಲ್ಟರ್ ರೋಲ್ ಕಮಾಂಡ್ ಮೂಲಕ, 64 ಎಂಬಿ ಕೊಟ್ಟೆ. ಈಗ ಸಾರ್ಟ್ ಪೂರ್ತಿ ಮೆಮೊರಿಯಲ್ಲೇ ಮುಗಿಯುತ್ತಿದೆ, ಕಾಯುವುದು ತುಂಬಾ ಕಡಿಮೆ ಆಗಿದೆ.

ಎಫೆಕ್ಟಿವ್ ಕ್ಯಾಶ್ ಸೈಜ್ ಅನ್ನೂ 12 ಜಿಬಿಗೆ ಇಟ್ಟೆ. ಅದು ಮೆಮೊರಿ ತಿನ್ನುವುದಿಲ್ಲ, ಕ್ವೆರಿಯನ್ನು ಹೇಗೆ ಓಡಿಸಬೇಕು ಅಂತ ನಿರ್ಧರಿಸುವ ಪ್ಲಾನರ್‌ಗೆ ಕ್ಯಾಶ್ ಎಷ್ಟಿರಬಹುದು ಅಂತ ಕೊಡುವ ಅಂದಾಜು ಅಷ್ಟೇ. ಟೆಂಪ್ ಫೈಲ್ ಲಾಗ್ ಆನ್ ಮಾಡಿಟ್ಟಿದ್ದೇನೆ, ಇನ್ನೂ ಯಾವ ಕ್ವೆರಿ ಡಿಸ್ಕ್‌ಗೆ ಹೋಗುತ್ತಿದೆ ಅಂತ ನೋಡುತ್ತಿದ್ದೇನೆ.