ಮಾಳಿಗೆಗೆ ಸುಡುನೀರು, ಕೆಳಗಿನ ಬಚ್ಚಲಿಗೆ ಉಗುರು ಬೆಚ್ಚಗೆ: 200 ಲೀಟರ್ ಸೋಲಾರಿಗೆ ಎಂತ ಆಗಿದೆ?

ಬದಿಯಡ್ಕದವ | ಸೋಮವಾರ, ಬೆಳಗ್ಗೆ 6:52

ಸಾಕಾಗಿ ಹೋಯ್ತು ಮಾರಾಯ್ರೆ. ಮನೆ ಒಕ್ಕಲಾಗಿ ಒಂದೂವರೆ ವರ್ಷ. ಟೆರೇಸಿನ ಮೇಲೆ 200 ಲೀಟರಿನ ಸೋಲಾರ್ ಉಂಟು, ಗ್ಲಾಸ್ ಟ್ಯೂಬಿನದ್ದು. ಮೊದಲ ಆರೇಳು ತಿಂಗಳು ಮೈ ಸುಡುವ ನೀರು ಬರುತ್ತಿತ್ತು. ಈಗ ಜನವರಿ, ಆಕಾಶದಲ್ಲಿ ಮೋಡದ ಚೂರೂ ಇಲ್ಲ, ಆದರೂ ಬೆಳಗ್ಗೆ ಕೆಳಗಿನ ಬಚ್ಚಲಿಗೆ ಬರುವುದು ಉಗುರು ಬೆಚ್ಚಗಿನ ನೀರು. ಎರಡು ಬಾಲ್ದಿ ಸುಮ್ನೆ ಚೆಲ್ಲಿದರೂ ಅಷ್ಟೇ. ಮಾಳಿಗೆಯ ಬಾತ್‌ರೂಮಿನಲ್ಲಿ ಸಂಜೆ ಮಕ್ಕಳು ಕಿರುಚುವಷ್ಟು ಬಿಸಿ. ಟಾಂಕಿ ಒಂದೇ, ಮೇಲಿಂದ ಇಳಿಯುವ ಪೈಪೂ ಒಂದೇ, ಒಂದು ಕಡೆ ಹಾಗೆ ಇನ್ನೊಂದು ಕಡೆ ಹೀಗೆ ಅಂದ್ರೆ ಎಂತ ಅರ್ಥ?

ಅಪ್ಪನಿಗೆ 81. ಐದು ಗಂಟೆಗೆ ಸ್ನಾನ ಆಗಲೇಬೇಕು, ಜಪಕ್ಕೆ ಕೂರಬೇಕು. ಇವತ್ತು ಗ್ಯಾಸಿನಲ್ಲಿ ನೀರು ಕಾಯಿಸಿ ಕೊಟ್ಟದ್ದು. "ಇಷ್ಟಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಿ ಮನೆ ಕಟ್ಟಿದ್ದಾ?" ಅಂತ ಕೇಳಿದರು. ಸೋಲಾರಿನ ಹುಡುಗ ಬಂದು ಟ್ಯೂಬ್ ಒರೆಸಿ 600 ರೂಪಾಯಿ ತಕ್ಕೊಂಡು ಹೋದ. ಟಾಂಕಿಯೇ ಬದಲಿಸಬೇಕಾದೀತು ಅಂತ ಬೇರೆ ಹೆದರಿಸಿದ. ಯಾರಿಗಾದರೂ ಅನುಭವ ಉಂಟಾ?

ಅಕ್ಕಲಕೋಟ ಬಿಸಿಲು | ಸೋಮವಾರ, 7:30

ಇದು ಸೀದಾ ಉಪ್ಪು ಕಟ್ಟಿದ ಕೇಸು ನೋಡ್ರಿ. ಬೇರೆ ಏನೂ ಅಲ್ಲ. ನಮ್ಮ ಕಡೆ ಬೋರ್‌ವೆಲ್ ನೀರು ಭಾಳ ಗಡಸು. ಹೋದ ವರ್ಷ ಗೀಸರಿನ ಕಾಯಿಲ್ ಬಿಚ್ಚಿದಾಗ ಹೆಬ್ಬೆರಳಿನ ದಪ್ಪ ಸುಣ್ಣ ಕೂತಿತ್ತು, ಸುತ್ತಿಗೆಯಿಂದ ತಟ್ಟಿ ಉದುರಿಸಬೇಕಾಯಿತು. ಟ್ಯೂಬಿನ ಒಳಗೂ ಹಾಗೇ ಕೂಡುತ್ತದೆ. ಸಿಟ್ರಿಕ್ ಆಸಿಡ್ ಬಿಸಿನೀರಿನಲ್ಲಿ ಕರಗಿಸಿ ಒಂದು ರಾತ್ರಿ ಬಿಡ್ರಿ. ಬೆಳಗ್ಗೆ ಹೊಸಾದರ ಹಂಗೆ ಆಗುತ್ತದೆ.

ಗೆರಟೆ ಒಲೆ | ಸೋಮವಾರ, 8:05

ಪೆರ್ಲದಿಂದ ನಮಸ್ಕಾರ. ಅಪ್ಪ ಹೇಳಿದ್ದು ಸರಿ ಭಾವ. ನಮ್ಮಲ್ಲಿ ಅಜ್ಜನ ಕಾಲದ ತಾಮ್ರದ ಹಂಡೆ, 60 ಲೀಟರ್ ಹಿಡಿಯುತ್ತದೆ. ಸಂಜೆ ಎರಡು ಬುಟ್ಟಿ ಅಡಕೆ ಸಿಪ್ಪೆ, ನಾಲ್ಕು ಗೆರಟೆ, ಒಂದು ಮಡಲು. ಬೆಂಕಿ ಆರಿದ ಮೇಲೂ ಕೆಂಡ ಬೂದಿಯೊಳಗೆ ಇರುತ್ತದೆ, ಬೆಳಗ್ಗೆ ಐದಕ್ಕೆ ಕೈ ಹಾಕಲಿಕ್ಕೆ ಆಗುವುದಿಲ್ಲ. ಟ್ಯೂಬು ಬೇಡ, ಹುಡುಗನೂ ಬೇಡ. ಬೂದಿ ತೋಟಕ್ಕೆ ಆಗ್ತದೆ.

ಬದಿಯಡ್ಕದವ | ಸೋಮವಾರ, 8:20

ಹಂಡೆ ಹಳೇ ಮನೆಯಲ್ಲಿಯೇ ಉಂಟು ಭಾವ, ಅದರ ಮಾತು ಬೇಡ. ಅಪ್ಪ ಈ ಪೋಸ್ಟ್ ನೋಡಿದರೆ ಕಷ್ಟ.

@ಅಕ್ಕಲಕೋಟ, ನಮ್ಮದು ಬೋರ್‌ವೆಲ್ ಅಲ್ಲ, ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು. ಸಾಬೂನು ಹಾಕಿದರೆ ನೊರೆ ಹೋಗುವುದೇ ಇಲ್ಲ, ಅಷ್ಟು ಮೆದು. ಪಾತ್ರೆಯ ತಳದಲ್ಲಿ ಬಿಳಿ ಕಲೆ ಇವತ್ತಿನವರೆಗೆ ಕಂಡಿಲ್ಲ.

ಅಕ್ಕಲಕೋಟ ಬಿಸಿಲು | ಸೋಮವಾರ, 9:10

ಕಣ್ಣಿಗೆ ಕಾಣೋದಿಲ್ಲ ಅಣ್ಣಾರ. ನಿಧಾನಕ್ಕೆ ಕೂಡುತ್ತದೆ. ಒಮ್ಮೆ ಆಸಿಡ್ ಹಾಕಿ ನೋಡೋಕೆ ಏನು ಖರ್ಚು?

ತಾಳವಾಡಿ ಗುಡ್ಡ | ಸೋಮವಾರ, 10:45

ಸಾರ್, ಮೊದಲು ವಿವರ ಕೊಡಿ. ಕಲೆಕ್ಟರ್ (ಬಿಸಿಲು ಹಿಡಿಯೋ ಟ್ಯೂಬುಗಳು) ಯಾವ ದಿಕ್ಕಿಗೆ? ತೆಂಗಿನ ನೆರಳು ಬೀಳುತ್ತಾ? ಬಿಸಿನೀರಿನ ಪೈಪು ಯಾವ ಸೈಜು, ಎಷ್ಟು ಉದ್ದ, ಮೇಲೆ ಕಪ್ಪು ಫೋಮ್ ಸುತ್ತಿದ್ದಾರಾ? ನಮ್ಮದು ಬೆಟ್ಟದ ಊರು, ಮಾಗಿ ಚಳಿಗೆ ಫೋಮ್ ಇಲ್ಲದ ಪೈಪಿನಲ್ಲಿ ರಾತ್ರಿ ನಿಂತ ನೀರು ಬೆಳಗ್ಗೆ ಐಸು. ನಿಮ್ಮದೂ ಅದೇ ಅನಿಸುತ್ತೆ.

ಬದಿಯಡ್ಕದವ | ಸೋಮವಾರ, 1:15

ದಕ್ಷಿಣಕ್ಕೆ ಮುಖ. ನೆರಳಿಲ್ಲ, ಎರಡು ತೆಂಗು ಕಡಿಸಿಯೇ ಹಾಕಿದ್ದು. ಒಂದಿಂಚಿನ ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್ ಪೈಪು), ಟಾಂಕಿಯಿಂದ ಕೆಳಗಿನ ಬಚ್ಚಲಿಗೆ ಅಂದಾಜು 55 ಅಡಿ. ಟೆರೇಸಿನಲ್ಲಿ ಫೋಮ್ ಉಂಟು, ಗೋಡೆಯೊಳಗೆ ಇಲ್ಲ. ಮಾಳಿಗೆಯ ಲೈನು ಟಾಂಕಿಯಿಂದ ಹತ್ತು ಅಡಿಯಲ್ಲೇ ಕವಲಾಗ್ತದೆ.

ತಾಳವಾಡಿ ಗುಡ್ಡ | ಸೋಮವಾರ, 2:00

ಲೆಕ್ಕ ಹಾಕಿದೆ. ಒಂದಿಂಚಿನ ಸಿಪಿವಿಸಿಯಲ್ಲಿ ಮೀಟರಿಗೆ 400 ಮಿಲಿ ಚಿಲ್ಲರೆ ನೀರು ನಿಲ್ಲುತ್ತೆ. 55 ಅಡಿ ಅಂದರೆ ಹದಿನೇಳು ಮೀಟರ್, ಅಂದರೆ ಏಳು ಲೀಟರ್. ಅರ್ಧ ಬಕೆಟ್ ಚೆಲ್ಲಿದರೆ ಬಿಸಿ ಬರಲೇಬೇಕು. ನೀವು ಎರಡು ಬಕೆಟ್ ಅಂತೀರಿ. ಹಾಗಾದರೆ ಪೈಪಿನದ್ದಲ್ಲ, ಟಾಂಕಿಯಲ್ಲೇ ಬಿಸಿ ಉಳಿದಿಲ್ಲ. ಟಾಂಕಿಯ ಫೋಮ್ ಒಳಗೆ ನೀರು ಹೋಗಿರಬೇಕು.

ಮಡಕಶಿರಾ ವೈರಿಂಗ್ | ಸೋಮವಾರ, 7:40

ಇಷ್ಟೆಲ್ಲ ಯಾಕೆ ಸ್ವಾಮಿ? ಕೆಳಗಿನ ಬಾತ್‌ರೂಮಿಗೆ 15 ಲೀಟರ್ ಗೀಸರ್ ಹಾಕಿಬಿಡಿ. 2 ಕಿಲೋವ್ಯಾಟಿನದ್ದು ಆದರೆ 27 ಡಿಗ್ರಿಯ ನೀರನ್ನು 55ಕ್ಕೆ ತರೋಕೆ ಕಾಲು ಗಂಟೆ, ಅರ್ಧ ಯುನಿಟ್. 24 ಗಂಟೆಯೂ ಆನ್ ಇಡಿ, ಥರ್ಮೋಸ್ಟಾಟ್ ಇರುತ್ತೆ, ಕರೆಂಟು ಕಡಿಮೆಯೇ ಆಗೋದು.

ತಾಳವಾಡಿ ಗುಡ್ಡ | ಸೋಮವಾರ, 7:55

ಇಡೀ ದಿನ ಆನ್ ಇಟ್ಟರೆ ಕಡಿಮೆ ಆಗುವುದು ಹೇಗೆ ಸಾರ್? ಗೀಸರಿನ ಗೋಡೆಯಿಂದ ಬಿಸಿ ಹೋಗ್ತಾನೇ ಇರುತ್ತೆ, ಅದನ್ನು ತುಂಬೋಕೆ ಮತ್ತೆ ಮತ್ತೆ ಕಟ್ಟಾಗಿ ಆನ್ ಆಗುತ್ತೆ. ಸ್ನಾನಕ್ಕೆ ಇಪ್ಪತ್ತು ನಿಮಿಷ ಮೊದಲು ಹಾಕಿ, ಆಮೇಲೆ ಆಫ್ ಮಾಡಿ.

ಮಡಕಶಿರಾ ವೈರಿಂಗ್ | ಸೋಮವಾರ, 8:10

ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ.

ತಾಳವಾಡಿ ಗುಡ್ಡ | ಸೋಮವಾರ, 8:12

ಮೀಟರಿಗೆ ಅನುಭವ ಗೊತ್ತಾಗಲ್ಲ ಸಾರ್, ಯುನಿಟ್ ಮಾತ್ರ ಗೊತ್ತಾಗುತ್ತೆ.

ಗೆರಟೆ ಒಲೆ | ಸೋಮವಾರ, 8:30

ಸುರಂಗದ ನೀರು ಅಂದ್ರಲ್ಲ, ಎಷ್ಟು ಉದ್ದ ಭಾವ? ನಮ್ಮದು ಮುರಕಲ್ಲಿನ ಗುಡ್ಡೆಯಲ್ಲಿ 200 ಅಡಿ ಒಳಗೆ ಹೋಗಿದೆ, ಒಬ್ಬ ಬಗ್ಗಿ ನಡೆಯುವಷ್ಟು ಜಾಗ. ಮೇ ತಿಂಗಳಲ್ಲೂ ಬೆರಳಿನ ಗಾತ್ರದ ಧಾರೆ. ಪಂಪಿಲ್ಲ, ಕರೆಂಟಿಲ್ಲ, ಪೈಪ್ ಹಾಕಿ ಇಳಿಜಾರಿಗೆ ಬಿಟ್ಟರೆ ಸೀದಾ ಟಾಂಕಿಗೆ.

ಬದಿಯಡ್ಕದವ | ಸೋಮವಾರ, 8:50

ನಮ್ಮದು 120 ಇದ್ದೀತು. ಈಗ ಸೋಲಾರಿನ ವಿಷಯ ಮಾತಾಡುವನಾ?

ನೀರ್ಚಾಲು ಪೈಪು | ಮಂಗಳವಾರ, ಬೆಳಗ್ಗೆ 9:20

ಅಣ್ಣಾ, ಮೂರು ವಿಷಯ ಹೇಳಿ. ಬೆಳಗ್ಗೆ ತಣ್ಣೀರಿನ ನಲ್ಲಿ ಬಿಟ್ಟರೆ ನೀರು ನಿಜವಾಗಿ ತಣ್ಣಗೆ ಉಂಟಾ? ಸೋಲಾರ್ ಟಾಂಕಿಯಿಂದ ಗಾಳಿ ಹೋಗಲಿಕ್ಕೆ ಇಟ್ಟ ಏರ್ ಪೈಪಿನ ಬುಡ ಒಣಗಿದೆಯಾ? ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಉಂಟಾ?

ಬದಿಯಡ್ಕದವ | ಮಂಗಳವಾರ, 9:45

ಪ್ರೆಶರ್ ಪಂಪ್ ಉಂಟು, ಈಗ ಯಾರ ಮನೆಯಲ್ಲಿ ಇಲ್ಲ? ಒಕ್ಕಲಾಗಿ ಆರೇಳು ತಿಂಗಳ ಮೇಲೆ ಹಾಕಿದ್ದು. ಅಪ್ಪನಿಗೆ ಕುರ್ಚಿಯಲ್ಲಿ ಕೂತು ಮೀಯಲಿಕ್ಕೆ ಹ್ಯಾಂಡ್ ಶವರ್ ಹಾಕಿಸಿದಾಗ ರಭಸ ಸಾಲಲಿಲ್ಲ, ಅದಕ್ಕೆ. ಸೋಲಾರ್ ಟಾಂಕಿ ಒತ್ತಡ ತಡೆಯುವುದಿಲ್ಲ ಅಂತ ಅವರೇ ಹೇಳಿದ ಕಾರಣ ಪಂಪು ತಣ್ಣೀರಿಗೆ ಮಾತ್ರ.

ತಣ್ಣೀರು... ಹೌದಲ್ವಾ, ಬೆಳಗ್ಗೆ ಮುಖಕ್ಕೆ ಹಾಕಿದರೆ ಬೆಚ್ಚಗೇ ಇರ್ತದೆ. ಕಪ್ಪು ಟಾಂಕಿ, ಬಿಸಿಲಿಗೆ ಕಾದದ್ದು ಅಂತ ನಾನು ಸುಮ್ಮನಿದ್ದೆ. ಏರ್ ಪೈಪ್ ನೋಡಿ ಬಂದು ಹೇಳ್ತೇನೆ.

ಬದಿಯಡ್ಕದವ | ಮಂಗಳವಾರ, 10:05

ಟೆರೇಸು ಪೂರ್ತಿ ಒಣ ಕಾಂಕ್ರೀಟು. ಏರ್ ಪೈಪಿನ ಬುಡದಿಂದ ಮೋರಿಯವರೆಗೆ ಮಾತ್ರ ಅಂಗೈ ಅಗಲ ಹಸಿರು ಪಾಚಿ. ಮಳೆ ನಿಂತು ಎಷ್ಟು ಕಾಲ ಆಯ್ತು! ಕಾಲಿಟ್ಟರೆ ಜಾರಿತು. ದಿನಾ ಟೆರೇಸಿಗೆ ಹೋಗುವವನು ನಾನೇ, ಇದು ಕಂಡೇ ಇಲ್ಲ ಅಲ್ವಾ.

ನೀರ್ಚಾಲು ಪೈಪು | ಮಂಗಳವಾರ, 10:30

ಹಾಗಾದರೆ ಸೋಲಾರಿಗೆ ಎಂತದೂ ಆಗಿಲ್ಲ. ಬಚ್ಚಲಿನಲ್ಲಿ ಬಿಸಿ, ತಣ್ಣೀರು ಬೆರೆಸುವ ನಲ್ಲಿ ಉಂಟಲ್ಲ, ಆ ಮಿಕ್ಸರಿನ ಒಳಗೆ ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗುತ್ತಾ ಉಂಟು.

ಅಪ್ಪ ಮಿಂದಾದ ಮೇಲೆ ಎಂತ ಮಾಡ್ತಾರೆ? ಶವರಿನ ಹಿಡಿಯಲ್ಲಿರುವ ಗುಂಡಿ ಬಿಡ್ತಾರೆ, ನೀರು ನಿಲ್ಲುತ್ತದೆ. ಗೋಡೆಯ ಮಿಕ್ಸರ್ ನಡುವಿನಲ್ಲಿ ತೆರೆದೇ ಇರುತ್ತದೆ. ಈಗ ಒಳಗೆ ತಣ್ಣೀರೂ ಬಿಸಿನೀರೂ ಮುಖಾಮುಖಿ, ಹೊರಗೆ ದಾರಿ ಇಲ್ಲ. ಬಿಸಿನೀರಿನ ಹಿಂದೆ ಇರುವುದು ಟೆರೇಸಿನ ಎತ್ತರ ಮಾತ್ರ, 20 ಅಡಿ ಅಂದ್ರೆ ಚದರ ಸೆಂಟಿಮೀಟರಿಗೆ 0.6 ಕಿಲೋ ಒತ್ತಡ. ತಣ್ಣೀರಿನ ಹಿಂದೆ ಪಂಪು, ಒಂದೂವರೆ ಎರಡು ಕಿಲೋ. ಯಾರು ಗೆಲ್ತಾರೆ? ತಣ್ಣೀರು ಬಿಸಿ ಪೈಪಿನಲ್ಲಿ ಹಿಂದಕ್ಕೆ ಹತ್ತಿ ಸೋಲಾರ್ ಟಾಂಕಿಗೆ ಹೋಗ್ತದೆ. ಅಲ್ಲಿದ್ದ ಬಿಸಿನೀರು ತಣ್ಣೀರಿನ ದಾರಿಯಲ್ಲಿ ಹಿಂದೆ ಹರಿದು ಮೇಲಿನ ದೊಡ್ಡ ಟಾಂಕಿಗೆ, ಉಳಿದದ್ದು ಏರ್ ಪೈಪಿನಿಂದ ಹೊರಗೆ. ಅದಕ್ಕೇ ತಣ್ಣೀರು ಬೆಚ್ಚಗೆ, ಬಿಸಿನೀರೂ ಬೆಚ್ಚಗೆ. ಸಂಜೆಯ ಹೊತ್ತಿಗೆ ಬಿಸಿಲಿಗೆ ಮತ್ತೆ ಕಾಯ್ತದೆ, ಮಕ್ಕಳಿಗೆ ಬಿಸಿ ಸಿಗ್ತದೆ. ರಾತ್ರಿ ಯಾರೂ ನಲ್ಲಿ ಬಿಡದೆಯೂ ಪಂಪು ಗುಂಯ್ ಅನ್ನುವುದುಂಟಾ?

ಬದಿಯಡ್ಕದವ | ಮಂಗಳವಾರ, 10:41

ಉಂಟು!! ಫ್ಲಶ್ ಸೋರುವುದು ಅಂತ ಎರಡು ಸಲ ಅದರ ವಾಷರ್ ಬದಲಿಸಿದ್ದೇನೆ. ಅಪ್ಪ ರಾತ್ರಿ ಮಲಗುವ ಮೊದಲು ಕಾಲಿಗೆ ಬಿಸಿನೀರು ಹಿಡಿದುಕೊಳ್ಳುವುದೂ ಅದೇ ಶವರಿನಲ್ಲಿ.

ಅಕ್ಕಲಕೋಟ ಬಿಸಿಲು | ಮಂಗಳವಾರ, 11:00

ಹಂಗಾದರೂ ಟ್ಯೂಬ್ ಒಮ್ಮೆ ಬಿಚ್ಚಿ ನೋಡ್ರಿ.

ನೀರ್ಚಾಲು ಪೈಪು | ಮಂಗಳವಾರ, 11:15

ಖಾತ್ರಿ ಮಾಡಲಿಕ್ಕೆ ಸುಲಭ. ಸಂಜೆ ಐದಕ್ಕೆ ಟೆರೇಸಿಗೆ ಹೋಗಿ, ಟಾಂಕಿಯ ಬಿಸಿನೀರು ಹೊರಡುವಲ್ಲಿ ಫೋಮ್ ಸ್ವಲ್ಪ ಸರಿಸಿ ಪೈಪಿಗೆ ಕೈ ಇಡಿ. ಕೆಳಗೆ ಒಬ್ಬರು ಮಿಕ್ಸರ್ ನಡುವಿಗೆ ತಿರುಗಿಸಿ ಶವರಿನ ಗುಂಡಿ ಬಂದ್ ಇಡಲಿ. ಬೇರೆ ನಲ್ಲಿ ಯಾವುದೂ ಬಿಡಬೇಡಿ.

ಬದಿಯಡ್ಕದವ | ಮಂಗಳವಾರ, ಸಂಜೆ 5:50

ಮಾಡಿದೆ. ಹೆಂಡತಿ ಕೆಳಗೆ, ನಾನು ಮೇಲೆ, ಫೋನು ಸ್ಪೀಕರಿನಲ್ಲಿ. ಮೊದಲು ಪೈಪ್ ಎರಡು ಬೆರಳು ಇಡಲಿಕ್ಕೂ ಆಗದಷ್ಟು ಸುಡುತ್ತಿತ್ತು. ಅವಳು "ತಿರುಗಿಸಿದೆ" ಅಂದಳು. ಪಂಪು ಶುರುವಾಯಿತು. ಮನೆಯಲ್ಲಿ ಎಲ್ಲಿಯೂ ಒಂದು ತೊಟ್ಟು ನೀರು ಬೀಳುತ್ತಿಲ್ಲ, ಪಂಪು ಮಾತ್ರ ಓಡುತ್ತಾ ಉಂಟು. ಎರಡು ನಿಮಿಷ ಆಗುವಾಗ ಕೈಯ ಕೆಳಗೆ ಪೈಪ್ ಬೆಚ್ಚಗಾಯಿತು, ಮತ್ತೆ ತಣ್ಣಗೆ. ಏರ್ ಪೈಪ್ ಒಮ್ಮೆ ಕೆಮ್ಮಿದ ಹಾಗೆ ಮಾಡಿ ನನ್ನ ಕಾಲಿಗೇ ಬಿಸಿನೀರು ಉಗುಳಿತು. ಇಷ್ಟು ದಿನ ಪೂರ್ತಿ ಪಾಚಿಗೆ ಸ್ನಾನ ಮಾಡಿಸಿದ್ದು.

ಈಗ ಹೇಗೆ ಸರಿ ಮಾಡುವುದು? ಮಿಕ್ಸರ್ ಬಂದ್ ಮಾಡಿ ಅಂತ ಅಪ್ಪನಿಗೆ ಹೇಳಿದೆ. ಕೈಬೆರಳಿನ ಗಂಟು ನೋವು, ಕೂತಲ್ಲಿಂದ ಅದು ಎಟಕುವುದಿಲ್ಲ.

ನೀರ್ಚಾಲು ಪೈಪು | ಮಂಗಳವಾರ, 7:10

ಕೆಳಗಿನ ಬಚ್ಚಲಿಗೆ ಹೋಗುವ ಬಿಸಿ ಲೈನಿಗೆ ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್, ಅಂದ್ರೆ ಎನ್‌ಆರ್‌ವಿ ಹಾಕಿಸಿ. ಬಾಣದ ಗುರುತು ಮಿಕ್ಸರಿನ ಕಡೆಗೆ ಇರಬೇಕು. ಅಲ್ಲಿವರೆಗೆ ಅಪ್ಪನ ಸ್ನಾನ ಆದಮೇಲೆ ಯಾರಾದರೂ ಹೋಗಿ ಮಿಕ್ಸರ್ ಬಂದ್ ಮಾಡಿ.

ಮಡಕಶಿರಾ ವೈರಿಂಗ್ | ಮಂಗಳವಾರ, 7:30

ಸ್ಪ್ರಿಂಗ್ ಎನ್‌ಆರ್‌ವಿ ಹಾಕಿ, ಎಲ್ಲ ಅಂಗಡಿಯಲ್ಲೂ ಸಿಗುತ್ತೆ.

ನೀರ್ಚಾಲು ಪೈಪು | ಮಂಗಳವಾರ, 7:42

ಸ್ಪ್ರಿಂಗ್ ಬೇಡ. ಬಿಸಿನೀರಿಗೆ ಇರುವುದೇ 0.6 ಕಿಲೋ, ಸ್ಪ್ರಿಂಗ್ ತಳ್ಳಲಿಕ್ಕೇ ಅದರಲ್ಲಿ ಒಂದು ಪಾಲು ಹೋಗ್ತದೆ. ಒಳಗೆ ತೂಗುವ ಬಾಗಿಲು ಇರುವ ಹಿತ್ತಾಳೆಯದ್ದು ಹಾಕಿ, ಅಡ್ಡ ಪೈಪಿನಲ್ಲಿ ಮಾತ್ರ. ಮೇಲಿಂದ ಕೆಳಗೆ ಇಳಿಯುವ ಪೈಪಿನಲ್ಲಿ ಹಾಕಿದರೆ ಬಾಗಿಲು ಜೋತುಬಿದ್ದು ತೆರೆದೇ ಇರ್ತದೆ.

ಮಡಕಶಿರಾ ವೈರಿಂಗ್ | ಮಂಗಳವಾರ, 7:50

ನಾನು ಎಷ್ಟೋ ಮನೆಗೆ ಸ್ಪ್ರಿಂಗಿನದ್ದೇ ಹಾಕಿದ್ದೀನಿ, ಒಬ್ಬರೂ ವಾಪಸ್ ಬಂದಿಲ್ಲ.

ತಾಳವಾಡಿ ಗುಡ್ಡ | ಮಂಗಳವಾರ, 7:53

ಅವರಿಗೆ ನಿಮ್ಮ ಫೋನ್ ನಂಬರ್ ಕೊಟ್ಟಿದ್ರಾ ಸಾರ್?

ಬದಿಯಡ್ಕದವ | ಶುಕ್ರವಾರ, ಬೆಳಗ್ಗೆ 5:40

ಎರಡು ದಿನದಿಂದ ಹೆಂಡತಿ ರಾತ್ರಿ ಹೋಗಿ ಮಿಕ್ಸರ್ ಬಂದ್ ಮಾಡುತ್ತಾಳೆ. ಇವತ್ತು ಐದಕ್ಕೆ ಅರ್ಧ ಬಾಲ್ದಿ ಚೆಲ್ಲಿದ ಕೂಡಲೇ ಸುಡುನೀರು. ತಾಳವಾಡಿಯವರ ಏಳು ಲೀಟರ್ ಸರಿಯಾಗಿ ಉಂಟು. ಪಂಪು ರಾತ್ರಿ ಪೂರ್ತಿ ತೆಪ್ಪಗಿತ್ತು. ಬಾಗಿಲಿನ ಎನ್‌ಆರ್‌ವಿ ಇಲ್ಲಿ ಸಿಗಲಿಲ್ಲ, ಕಾಸರಗೋಡಿನಿಂದ ತರಲಿಕ್ಕೆ ಹೇಳಿದ್ದೇನೆ. ಪ್ಲಂಬರ್ ಆದಿತ್ಯವಾರ ಬರ್ತಾನಂತೆ, ಯಾವ ಆದಿತ್ಯವಾರ ಅಂತ ಹೇಳಿಲ್ಲ.

ನೀರ್ಚಾಲಿನವರೇ, ನಿಮಗೆ ಒಂದು ಗೊನೆ ಕದಳಿ ಬಾಕಿ.

ಅಪ್ಪ ಮಿಂದು ಬಂದರು. ಹೇಗಾಯ್ತು ಕೇಳಿದೆ. "ಬಿಸಿ ಉಂಟು, ಹಂಡೆ ನೀರಿನ ಪರಿಮಳ ಇಲ್ಲ" ಅಂದರು.

ಗೆರಟೆ ಒಲೆ | ಶುಕ್ರವಾರ, 6:15

😄 ನಾನು ಎಂತ ಹೇಳಿದ್ದು?

ಹೊಸೂರು ಹೊಸಬ | ಶುಕ್ರವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ, ಇದೇ ತರದ ಸಮಸ್ಯೆ ನನ್ನದೂ. ಗೀಸರ್ ಆನ್ ಮಾಡಿದ ಹತ್ತು ನಿಮಿಷಕ್ಕೆ ಮನೆಯ ಕರೆಂಟೆಲ್ಲ ಟ್ರಿಪ್ ಆಗುತ್ತಿದೆ. ಕಾರಣ ಏನಿರಬಹುದು? ಅರ್ಜೆಂಟ್.

ಅಕ್ಕಲಕೋಟ ಬಿಸಿಲು | ಶನಿವಾರ, ಬೆಳಗ್ಗೆ 7:05

ನಿಮ್ಮದು ಬೋರ್‌ವೆಲ್ ನೀರೇನ್ರಿ?